ನಿಮ್ಮ ಗುರಿ ನಿಜಕ್ಕೂ ಎಷ್ಟು ದೂರದ್ದು? ಹತ್ತು ಮೀಟರ್‌ನಲ್ಲೇ ಅಳೆದು ನೋಡುವ ವಿಧಾನ

"ಸರ್, ನಾನು ಎಷ್ಟು ದೂರದವರೆಗೆ ಹೊಡೀಬಲ್ಲೆ?"

ತುಮಕೂರು, ಶಿರಾ, ಮಧುಗಿರಿ ಕಡೆ ಏರ್ ರೈಫಲ್ ಕಲಿಯುವ ಹುಡುಗರು, ಎನ್‌ಸಿಸಿಯಲ್ಲಿ ಒಮ್ಮೆ ರೈಫಲ್ ಹಿಡಿದು ರುಚಿ ಹತ್ತಿಸಿಕೊಂಡವರು, ಅಪ್ಪನ ಕಾಲದ ಲೈಸೆನ್ಸ್ ಕೋವಿ ಮನೆಯಲ್ಲಿರುವವರು, ಎಲ್ಲರೂ ಕೇಳುವುದು ಇದನ್ನೇ. ಹೊರದೇಶದವರು 400, 600 ಮೀಟರ್ ದೂರದ ಜಿಂಕೆಗೆ ಗುಂಡು ಹಾರಿಸುವ ವಿಡಿಯೋ ಫೋನಿನಲ್ಲಿ ನೋಡಿರುತ್ತಾರೆ. ಒಂದೇ ಗುಂಡು, ಜಿಂಕೆ ಅಲ್ಲೇ ಬೀಳುತ್ತದೆ. ತಪ್ಪಿದ ಗುಂಡುಗಳ ವಿಡಿಯೋ ಯಾರೂ ಹಾಕುವುದಿಲ್ಲ ಅಲ್ವಾ? ಹಾಗಾಗಿ ದೂರಕ್ಕೆ ಹೊಡೆಯುವುದು ಸುಲಭ ಅನ್ನಿಸಿಬಿಡುತ್ತದೆ.

ನಿಮ್ಮ ಕೈ ಎಷ್ಟು ದೂರಕ್ಕೆ ನಂಬಿಕೆಗೆ ಅರ್ಹ ಅನ್ನುವುದನ್ನು ಅಳೆಯಲು 600 ಮೀಟರ್ ಮೈದಾನ ಬೇಕಿಲ್ಲ. 10 ಮೀಟರ್ ಜಾಗ, ಒಂದು ಏರ್ ರೈಫಲ್, ಕಾಗದ, ಒಂದು ನೋಟ್‌ಬುಕ್ ಸಾಕು. ಆದರೆ ಅಳತೆ ಪ್ರಾಮಾಣಿಕವಾಗಿರಬೇಕು. ನೀವು ಹೊಡೆದ ಅತ್ಯುತ್ತಮ ಗುಂಡು ನಿಮ್ಮ ಕೌಶಲ ಅಲ್ಲ. ಕೆಟ್ಟ ಗುಂಡುಗಳನ್ನೂ ಸೇರಿಸಿ ಎಲ್ಲವೂ ಎಷ್ಟು ಅಗಲದ ವೃತ್ತದೊಳಗೆ ಬಿದ್ದವು ಅನ್ನುವುದೇ ನಿಮ್ಮ ಕೌಶಲ.

ಮೊದಲು ಕಾನೂನು

ನಮ್ಮಲ್ಲಿ ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಕೊಂದರೆ ಮಾತ್ರ ಬೇಟೆ ಅಂತ ಅಂದುಕೊಳ್ಳಬೇಡಿ. ಗಾಯ ಮಾಡುವುದು, ಹಿಡಿಯುವುದು, ಅದಕ್ಕೆ ಪ್ರಯತ್ನ ಮಾಡುವುದು ಕೂಡ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಚಿಂಕಾರ, ನಿಮ್ಮ ಹೊಲಕ್ಕೆ ಬರುವ ನವಿಲು, ಮೂರೂ ಮೊದಲನೇ ಶೆಡ್ಯೂಲ್‌ನಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿವೆ. ಅವುಗಳಿಗೆ ಕೈ ಹಾಕಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ. ಏರ್ ಗನ್‌ನಿಂದ ಹೊಡೆದೆ ಅನ್ನುವುದು ನೆಪ ಆಗುವುದಿಲ್ಲ. ಕಡ್ಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿದ್ದರೂ ಅರಣ್ಯ ಇಲಾಖೆಗೆ ತಿಳಿಸಿ, ಬೆಳೆ ಪರಿಹಾರಕ್ಕೆ ಅರ್ಜಿ ಹಾಕಿ. ನೀವೇ ಕೋವಿ ಎತ್ತಬೇಡಿ.

ಹಾಗಾದರೆ ಬೇಟೆಯ ದೂರದ ಲೆಕ್ಕ ನಮಗೇಕೆ? ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಈ ಪ್ರಶ್ನೆಯನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ತಪ್ಪು ಗುಂಡು ಅಂದರೆ ಗಾಯಗೊಂಡು ಪೊದೆಯೊಳಗೆ ನರಳುವ ಪ್ರಾಣಿ. ನಾರ್ವೆಯಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಹೋಗುವವರು ಪ್ರತಿ ವರ್ಷ 30 ಗುಂಡು ಅಭ್ಯಾಸ ಮಾಡಿ, ಆಮೇಲೆ 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ 5 ಗುಂಡು ಹಾರಿಸಬೇಕು. ಐದೂ 30 ಸೆಂ.ಮೀ. ಅಗಲದ ವೃತ್ತದೊಳಗೆ ಬೀಳಬೇಕು. ಒಂದು ಹೊರಗೆ ಹೋದರೂ ಫೇಲ್. ಅಷ್ಟು ಮಾಡಿದ ಮೇಲೂ, ಗಾಯಗೊಂಡ ಪ್ರಾಣಿಯನ್ನು ಹುಡುಕಲು ತರಬೇತಿ ಪಡೆದ ನಾಯಿ ಲಭ್ಯ ಇರಬೇಕು ಅಂತ ಅಲ್ಲಿನ ನಿಯಮ ಹೇಳುತ್ತದೆ. ಪರೀಕ್ಷೆ ಪಾಸಾದವರೂ ತಪ್ಪುತ್ತಾರೆ ಅನ್ನುವುದನ್ನು ಒಪ್ಪಿಕೊಂಡು ಮಾಡಿದ ನಿಯಮ ಅದು. ಆ ಮನೋಭಾವ ನನಗೆ ತುಂಬಾ ಇಷ್ಟ. ಕಾಗದಕ್ಕೆ ಹೊಡೆಯುವ ನಾವೂ ಅದನ್ನು ಕಲಿಯಬೇಕು.

ಏನೇನು ಬೇಕು

0.177 ಬೋರಿನ, ಅಂದರೆ 4.5 ಮಿ.ಮೀ. ಪೆಲೆಟ್ (ಸಣ್ಣ ಸೀಸದ ಗುಂಡು) ಹಾಕುವ ಏರ್ ರೈಫಲ್. 20 ಜೌಲ್ ಒಳಗಿನ ಶಕ್ತಿಯದ್ದಾದರೆ 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಆದರೆ ಕೊಳ್ಳುವಾಗ ಗುರುತಿನ ಚೀಟಿ ಕೊಡಬೇಕು, ಬಿಲ್ ಜೋಪಾನವಾಗಿ ಇಟ್ಟುಕೊಳ್ಳಬೇಕು. ಜೌಲ್ ಅಂದರೆ ಶಕ್ತಿಯ ಅಳತೆ. 20 ಜೌಲ್ ಕಡಿಮೆ ಅನ್ನಿಸಿದರೂ ಕಣ್ಣು ಹೋಗಲು ಅದರಲ್ಲಿ ಸ್ವಲ್ಪ ಭಾಗ ಸಾಕು.

ತಲೆ ಚಪ್ಪಟೆ ಇರುವ ಪೆಲೆಟ್ ತಗೊಳ್ಳಿ. ಚೂಪು ತಲೆಯದ್ದು ಕಾಗದವನ್ನು ಹರಿಯುತ್ತದೆ, ತೂತಿನ ಅಂಚು ಎಲ್ಲಿ ಅಂತ ಗೊತ್ತಾಗುವುದಿಲ್ಲ. ಚಪ್ಪಟೆಯದ್ದು ಪಂಚಿಂಗ್ ಮೆಷಿನ್‌ನಲ್ಲಿ ಹೊಡೆದ ಹಾಗೆ ದುಂಡಗೆ ಕತ್ತರಿಸುತ್ತದೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಟಾರ್ಗೆಟ್ ಕಾರ್ಡ್, ಮಿಲಿಮೀಟರ್ ಗೆರೆ ಇರುವ ಸ್ಕೇಲು, ಕಂಪಾಸು, ಕಣ್ಣಿಗೆ ರಕ್ಷಣಾ ಕನ್ನಡಕ, ನೋಟ್‌ಬುಕ್. ಇಷ್ಟೇ.

ಜಾಗ ಕ್ಲಬ್ಬಿನ ರೇಂಜ್ ಆದರೆ ಎಲ್ಲಕ್ಕಿಂತ ಒಳ್ಳೆಯದು. ಮನೆಯ ಹಿಂದೆ ಅಂದರೆ, ಪೆಲೆಟ್ ನಿಲ್ಲಿಸಲು ಹಳೆ ಬಟ್ಟೆ ಒತ್ತಿ ತುಂಬಿದ ಗಟ್ಟಿ ಮರದ ಪೆಟ್ಟಿಗೆ, ಅದರ ಹಿಂದೆ ದಪ್ಪ ತಗಡು, ಅದರ ಹಿಂದೆ ಬಾಗಿಲು ಕಿಟಕಿ ಇಲ್ಲದ ಗೋಡೆ ಇರಲೇಬೇಕು. ನಮ್ಮ ಸೀಮೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಬಂಡೆಯನ್ನು ಹಿನ್ನೆಲೆ ಮಾಡಿಕೊಳ್ಳಬೇಡಿ. ಊರ ಪಕ್ಕದಲ್ಲೇ ಗುಡ್ಡ ಇದೆ, ಗುಂಡು ಎಲ್ಲಿಗೆ ಹೋಗುತ್ತೆ ಬಿಡಿ ಅಂತ ಎಷ್ಟೋ ಜನ ಬಂಡೆಗೇ ಕಾಗದ ಅಂಟಿಸಿ ಹೊಡೆಯುತ್ತಾರೆ. ಕಲ್ಲಿಗೆ ಬಡಿದ ಪೆಲೆಟ್ ಯಾವ ದಿಕ್ಕಿಗೆ ಪುಟಿಯುತ್ತದೆ ಅಂತ ಹೇಳಲು ಆಗುವುದಿಲ್ಲ. ಹೊಡೆದವನ ಮುಖಕ್ಕೇ ವಾಪಸ್ ಬರಬಹುದು.

ಪೆಲೆಟ್ ಸೀಸದ್ದು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿನ್ನಲು ಕೂರಬೇಡಿ. ಬಾಯಲ್ಲಿ ಪೆಲೆಟ್ ಕಚ್ಚಿಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಹಂತ 1: ಹೊಡೆಯುವ ಮೊದಲೇ ವೃತ್ತ ಎಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಮೊದಲು ಹೊಡೆದು, ಆಮೇಲೆ ತೂತುಗಳ ಸುತ್ತ ವೃತ್ತ ಎಳೆದು, "ನೋಡಿ, ಎಲ್ಲಾ ಒಂದೇ ಕಡೆ ಬಿದ್ದಿವೆ" ಅನ್ನುತ್ತಾರೆ. ಒಂದೇ ಕಡೆ ಬಿದ್ದಿರಬಹುದು. ಆದರೆ ನೀವು ಗುರಿ ಇಟ್ಟ ಕಡೆ ಬಿದ್ದಿವೆಯಾ? ಗುರಿ ಇಟ್ಟ ಬಿಂದುವಿನಿಂದಲೇ ಅಳೆಯಬೇಕು.

ವೃತ್ತದ ಅಳತೆಗೆ ಒಂದು ಸರಳ ಲೆಕ್ಕ ಇದೆ. ದೂರ ಹತ್ತು ಪಟ್ಟು ಆದರೆ, ಅದೇ ಕೈ ನಡುಕಕ್ಕೆ ಗುಂಡು ಚೆದುರುವ ಅಗಲವೂ ಹತ್ತು ಪಟ್ಟು ಆಗುತ್ತದೆ. ಹಾಗಾಗಿ ದೂರದ ಗುರಿಯನ್ನು 10 ಮೀಟರ್‌ಗೆ ಇಳಿಸಬಹುದು. ಗುರಿಯ ಅಗಲವನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ, 10ರಿಂದ ಗುಣಿಸಿ, ದೂರದ ಮೀಟರ್‌ನಿಂದ ಭಾಗಿಸಿ.

ನಾರ್ವೆಯ ಪರೀಕ್ಷೆಯನ್ನೇ ಇಳಿಸಿ ನೋಡೋಣ. 300 ಮಿ.ಮೀ. ವೃತ್ತ, 100 ಮೀಟರ್ ದೂರ. 10 ಮೀಟರ್‌ಗೆ ಅದು 30 ಮಿ.ಮೀ. ಈಗ ನಿಮ್ಮ ಕೈಯಲ್ಲಿರುವ ಟಾರ್ಗೆಟ್ ಕಾರ್ಡ್ ನೋಡಿ. ಮಧ್ಯದ ಕಪ್ಪು ಭಾಗದ ಅಗಲ 30.5 ಮಿ.ಮೀ. ಅಂದರೆ ಆ ದೇಶದ ಪರೀಕ್ಷೆಯ ವೃತ್ತ ಹೆಚ್ಚುಕಮ್ಮಿ ನಿಮ್ಮ ಕಾರ್ಡಿನ ಕಪ್ಪು ಭಾಗ!

ಮಧ್ಯಮ ಗಾತ್ರದ ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಭಾಗವನ್ನು ಬೇಟೆಗಾರರು ಸುಮಾರು 20 ಸೆಂ.ಮೀ. ಅಂತ ಹಿಡಿಯುತ್ತಾರೆ. ಅದನ್ನು ಇಳಿಸಿದರೆ 100 ಮೀಟರ್‌ಗೆ 20 ಮಿ.ಮೀ., 200 ಮೀಟರ್‌ಗೆ 10 ಮಿ.ಮೀ., 400 ಮೀಟರ್‌ಗೆ ಬರೀ 5 ಮಿ.ಮೀ. ಕಾರ್ಡಿನಲ್ಲಿ 6ನೇ ರಿಂಗ್ (ಅಂದರೆ 6 ಅಂಕದ ವೃತ್ತ) 20.5 ಮಿ.ಮೀ., 8ನೇ ರಿಂಗ್ 10.5 ಮಿ.ಮೀ., 9ನೇ ರಿಂಗ್ 5.5 ಮಿ.ಮೀ. ಇರುತ್ತದೆ. ರಿಂಗ್‌ಗಳೇ ಕೆಲಸಕ್ಕೆ ಬರುತ್ತವೆ, ಬೇರೆ ವೃತ್ತ ಎಳೆಯುವ ಕೆಲಸ ಕಡಿಮೆ.

ಒಂದು ವ್ಯತ್ಯಾಸ ಗಮನಿಸಿ. ಸ್ಪರ್ಧೆಯಲ್ಲಿ ಪೆಲೆಟ್ಟಿನ ಅಂಚು ರಿಂಗ್ ಮುಟ್ಟಿದರೂ ಹೆಚ್ಚಿನ ಅಂಕ ಸಿಗುತ್ತದೆ. ಇಲ್ಲಿ ಹಾಗೆ ಮಾಡಬೇಡಿ. ತೂತಿನ ನಡುಬಿಂದು ವೃತ್ತದ ಒಳಗಿದ್ದರೆ ಮಾತ್ರ ಒಳಗೆ. ಪೆಲೆಟ್ಟೇ 4.5 ಮಿ.ಮೀ. ಇರುವಾಗ, ಅಂಚು ಲೆಕ್ಕ ಹಿಡಿದರೆ 5 ಮಿ.ಮೀ. ವೃತ್ತದ ಅಳತೆಗೆ ಅರ್ಥವೇ ಇರುವುದಿಲ್ಲ.

ಹಂತ 2: ಗನ್ನಿನ ಪಾಲು, ನಿಮ್ಮ ಪಾಲು ಬೇರೆ ಮಾಡಿ

"ಗನ್ ಸರಿ ಇಲ್ಲ ಸರ್" ಅನ್ನುವ ಮಾತನ್ನು ಮೊದಲೇ ಪರೀಕ್ಷೆ ಮಾಡಿಬಿಡಿ. ಮೇಜಿನ ಮೇಲೆ ಅರ್ಧ ತುಂಬಿದ ರಾಗಿ ಚೀಲ ಇಡಿ. ಅದರ ಮೇಲೆ ನಿಮ್ಮ ಎಡಗೈ, ಕೈ ಮೇಲೆ ರೈಫಲ್. ಸ್ಪ್ರಿಂಗ್ ಇರುವ, ನಳಿಗೆ ಮಡಚಿ ಲೋಡ್ ಮಾಡುವ ಗನ್ ಆದರೆ ನೇರ ಚೀಲದ ಮೇಲೆ ಇಡಬೇಡಿ, ಬಿಗಿಯಾಗಿ ಹಿಡಿಯಲೂ ಬೇಡಿ. ಅದು ಹಾರುವಾಗ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಪ್ರತಿ ಸಲವೂ ಒಂದೇ ರೀತಿ ಒದೆಯಲು ಸಡಿಲ ಹಿಡಿತ ಬೇಕು.

ಹೀಗೆ ಕೂತು 10 ಗುಂಡು ಹಾರಿಸಿ. ತೀರಾ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, 4.5 ಕಳೆಯಿರಿ. ಬಂದದ್ದು ಗ್ರೂಪ್ ಗಾತ್ರ. ಗ್ರೂಪ್ ಅಂದರೆ ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪು. ಎನ್‌ಸಿಸಿಯವರಿಗೆ ಈ ಮಾತು ಪರಿಚಯ ಇರುತ್ತದೆ.

ಆಧಾರ ಇಟ್ಟಾಗ 6 ಮಿ.ಮೀ. ಬಂತು, ಆಧಾರ ಇಲ್ಲದೆ 20 ಮಿ.ಮೀ. ಬಂತು ಅಂದುಕೊಳ್ಳಿ. ಹಾಗಾದರೆ ನಿಮ್ಮ ಪಾಲು 14 ಅಂತ ಕಳೆಯಬಾರದು. ಚೆದುರುವಿಕೆ ವರ್ಗದ ಲೆಕ್ಕದಲ್ಲಿ ಕೂಡುತ್ತದೆ. 20ರ ವರ್ಗ 400, 6ರ ವರ್ಗ 36, ಉಳಿದದ್ದು 364, ಅದರ ವರ್ಗಮೂಲ ಸುಮಾರು 19. ಅಂದರೆ ಜಗತ್ತಿನ ಅತ್ಯುತ್ತಮ ಗನ್ ತಂದುಕೊಟ್ಟರೂ ನಿಮ್ಮ 20, 19ಕ್ಕೆ ಮಾತ್ರ ಇಳಿಯುತ್ತದೆ. ಹೊಸ ಗನ್ನಿಗೆ ದುಡ್ಡು ಹಾಕುವ ಮುಂಚೆ ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ. ಎಷ್ಟೋ ಅಪ್ಪಂದಿರ ಸಾಲ ಉಳಿಯುತ್ತದೆ.

ಹಂತ 3: ಮೂರು ಗುಂಡಿನ ಗ್ರೂಪ್ ನಂಬಬೇಡಿ

ವಾಟ್ಸಾಪ್‌ನಲ್ಲಿ ಓಡಾಡುವ ಫೋಟೋಗಳೆಲ್ಲ ಮೂರು ಗುಂಡಿನವು. ಮೂರು ತೂತು ಅಂಟಿಕೊಂಡಿರುತ್ತವೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ. ನೋಡಲು ಚೆಂದ. ಆದರೆ ಗುಂಡು ಕಡಿಮೆ ಆದಷ್ಟೂ ಗ್ರೂಪ್ ಚಿಕ್ಕದಾಗಿ ಕಾಣುವುದು ಗಣಿತದ ಸಹಜ ಗುಣ. ಒಂದೇ ಕೈ, ಒಂದೇ ಗನ್ 3 ಗುಂಡಿಗೆ ಸರಾಸರಿ 10 ಮಿ.ಮೀ. ಕೊಟ್ಟರೆ, 5 ಗುಂಡಿಗೆ ಸುಮಾರು 13 ಮಿ.ಮೀ., 10 ಗುಂಡಿಗೆ ಸುಮಾರು 16 ಮಿ.ಮೀ. ಕೊಡುತ್ತದೆ. ಕೌಶಲ ಒಂದಿಷ್ಟೂ ಬದಲಾಗಿಲ್ಲ, ಎಣಿಕೆ ಬದಲಾಗಿದೆ ಅಷ್ಟೇ.

ಅದಕ್ಕೇ ಯಾವಾಗಲೂ 10 ಗುಂಡಿನ ಗ್ರೂಪ್ ಹಾರಿಸಿ. ಒಂದು ಗುಂಡು ಹೊರಗೆ ಹೋದರೆ "ಅದು ಕೈ ಜಾರಿದ್ದು, ಬಿಟ್ಟುಬಿಡೋಣ" ಅಂತ ಲೆಕ್ಕದಿಂದ ತೆಗೆಯಬೇಡಿ. ಜಾರುವ ಕೈಯೂ ನಿಮ್ಮದೇ. ಬೇಟೆಯಲ್ಲಿ ಪ್ರಾಣಿಯ ಹೊಟ್ಟೆಗೆ ಬೀಳುವುದು ಅದೇ ಗುಂಡು.

ಹಂತ 4: ಮೊದಲ ಗುಂಡಿನ ಪುಸ್ತಕ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರುಸೊತ್ತು ಇದೆ ಅಂದರೆ ಇದನ್ನೇ ಮಾಡಿ.

ಬೇಟೆಯಲ್ಲಿ ಇಪ್ಪತ್ತು ಗುಂಡು ಹಾರಿಸಿ ಕೈ ಬಿಸಿ ಮಾಡಿಕೊಳ್ಳಲು ಯಾವ ಪ್ರಾಣಿಯೂ ನಿಲ್ಲುವುದಿಲ್ಲ. ಎಣಿಕೆಗೆ ಬರುವುದು ಮೊದಲ ಗುಂಡು. ನಳಿಗೆ ತಣ್ಣಗಿದೆ, ಭುಜ ಇನ್ನೂ ಸರಿ ಕೂತಿಲ್ಲ, ಮನಸ್ಸು ಬೇರೆ ಎಲ್ಲೋ ಇದೆ. ಆ ಸ್ಥಿತಿಯಲ್ಲಿ ಹೊಡೆಯುವುದು ಎಲ್ಲಿ ಬೀಳುತ್ತದೆ?

ಅಭ್ಯಾಸಕ್ಕೆ ಕೂತ ಪ್ರತಿ ದಿನವೂ ಮೊದಲ ಗುಂಡನ್ನು ಪ್ರತ್ಯೇಕ ಕಾರ್ಡಿಗೆ ಹೊಡೆಯಿರಿ. ಟ್ರಯಲ್ ಗುಂಡು ಬೇಡ, ಸೈಟ್ (ರೈಫಲ್ ಮೇಲಿನ ಗುರಿ ಹಿಡಿಯುವ ಸಾಧನ) ತಿರುಗಿಸುವುದು ಬೇಡ. ಆ ಕಾರ್ಡಿನ ಮೇಲೆ ತಾರೀಕು ಬರೆದು ಪಕ್ಕಕ್ಕೆ ಇಡಿ. ಆಮೇಲೆ ಬೇಕಾದಷ್ಟು ಅಭ್ಯಾಸ ಮಾಡಿ. ಮುಂದಿನ ಸಲ ಅದೇ ಕಾರ್ಡಿಗೆ ಮತ್ತೊಂದು ಮೊದಲ ಗುಂಡು. ಹೀಗೆ 20 ಸೇರುವವರೆಗೆ ಕಾಯಿರಿ. ತಾಳ್ಮೆ ಬೇಕು, ಒಂದೇ ದಿನಕ್ಕೆ ಮುಗಿಯುವುದಿಲ್ಲ.

ಶಿರಾ ಕಡೆಯ ಹುಡುಗನೊಬ್ಬನ ಕಾರ್ಡ್ ನೋಡಿದ್ದೆ. ಅವನ 10 ಗುಂಡಿನ ಗ್ರೂಪ್‌ಗಳು ಚೆನ್ನಾಗಿದ್ದವು. ಮೊದಲ ಗುಂಡಿನ ಕಾರ್ಡಿನಲ್ಲಿ ಮಾತ್ರ ತೂತುಗಳೆಲ್ಲ ಎಡಗಡೆ ಕೆಳಗೆ, ಕಪ್ಪಿನ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ಟ್ರಿಗರನ್ನು ಮೆಲ್ಲಗೆ ಒತ್ತದೆ ಗಬಕ್ಕನೆ ಎಳೆದರೆ ಗುಂಡು ಹೀಗೆ ಪಕ್ಕಕ್ಕೆ ಹೋಗಬಹುದು. ನಾಲ್ಕೈದು ಗುಂಡು ಆದ ಮೇಲೆ ಬೆರಳು ಸಮಾಧಾನಕ್ಕೆ ಬರುತ್ತಿತ್ತು, ಹಾಗಾಗಿ ಉಳಿದ ಕಾರ್ಡುಗಳಲ್ಲಿ ಈ ದೋಷ ಮುಚ್ಚಿಹೋಗುತ್ತಿತ್ತು. ಮೊದಲ ಗುಂಡಿನ ಕಾರ್ಡ್ ಇಲ್ಲದಿದ್ದರೆ ಅವನಿಗೆ ಅದು ಗೊತ್ತಾಗುತ್ತಲೇ ಇರಲಿಲ್ಲ. ಪರಿಹಾರಕ್ಕೆ ದುಡ್ಡೇನೂ ಬೇಕಾಗಲಿಲ್ಲ. ಪೆಲೆಟ್ ಇಲ್ಲದೆ ಗುರಿ ಹಿಡಿದು ಟ್ರಿಗರ್ ಒತ್ತುವ ಅಭ್ಯಾಸ ಶುರು ಮಾಡಿದ. ಇದಕ್ಕೆ ಡ್ರೈ ಫೈರ್ ಅನ್ನುತ್ತಾರೆ. ಸ್ಪ್ರಿಂಗ್ ಗನ್ ಇರುವವರು ಹೀಗೆ ಖಾಲಿ ಹಾರಿಸಬಾರದು, ಒಳಗಿನ ಸೀಲ್ ಹಾಳಾಗುತ್ತದೆ. ಡ್ರೈ ಫೈರ್ ಸೌಲಭ್ಯ ಇರುವ ಸ್ಪರ್ಧೆಯ ಗನ್‌ನಲ್ಲಿ ಮಾತ್ರ ಮಾಡಿ.

ಹಂತ 5: ಭಂಗಿ ಬದಲಿಸಿ

ಮಲಗಿ, ಕೂತು, ಮಂಡಿಯೂರಿ, ನಿಂತು. ನಾಲ್ಕಕ್ಕೂ ಬೇರೆ ಬೇರೆ ಕಾರ್ಡ್, ಬೇರೆ ಬೇರೆ ಪುಟ. ಮೇಜಿನ ಮೇಲೆ ಸಿಕ್ಕ ಅಳತೆಯನ್ನು ನಿಂತು ಹೊಡೆಯುವುದಕ್ಕೆ ಹಚ್ಚಬೇಡಿ. ನಿಂತಾಗ ವೃತ್ತ ಎರಡು ಮೂರು ಪಟ್ಟು ಅಗಲ ಆದರೆ ಗಾಬರಿ ಬೇಡ, ಹೊಸಬರಿಗೆ ಅದು ಮಾಮೂಲು.

ಭಂಗಿ ಸರಿ ಇದೆಯಾ ಅಂತ ನೋಡಲು ಒಂದು ಉಪಾಯ. ಗುರಿ ಹಿಡಿಯಿರಿ, ಕಣ್ಣು ಮುಚ್ಚಿ, ಒಂದೆರಡು ಉಸಿರು ತೆಗೆದುಕೊಂಡು ಬಿಡಿ, ಕಣ್ಣು ತೆರೆಯಿರಿ. ಸೈಟ್ ಇನ್ನೂ ಗುರಿಯ ಮೇಲೇ ಇದ್ದರೆ ಮೈ ಸರಿಯಾಗಿ ಕೂತಿದೆ. ಪಕ್ಕಕ್ಕೆ ಹೋಗಿದ್ದರೆ ಕೈಯಿಂದ ರೈಫಲ್ ತಳ್ಳಬೇಡಿ, ಪಾದವನ್ನೋ ಸೊಂಟವನ್ನೋ ಸ್ವಲ್ಪ ಸರಿಸಿ. ಕೈಯ ಬಲದಿಂದ ಹಿಡಿದಿಟ್ಟ ಗುರಿ ಟ್ರಿಗರ್ ಒತ್ತುವ ಹೊತ್ತಿಗೆ ತನ್ನ ಜಾಗಕ್ಕೆ ವಾಪಸ್ ಓಡುತ್ತದೆ.

ಹಂತ 6: ಏದುಸಿರಿನಲ್ಲಿ ಹೊಡೆಯಿರಿ

ಮಹಡಿ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ. ಓಡುವಾಗ ರೈಫಲ್ ಕೈಯಲ್ಲಿ ಇರಬಾರದು, ಅದು ಖಾಲಿಯಾಗಿ ಗುರಿಯ ದಿಕ್ಕಿಗೆ ಮುಖ ಮಾಡಿ ಮೇಜಿನ ಮೇಲೆ ಇರಲಿ. ಬಂದು ಕೂತು, ಲೋಡ್ ಮಾಡಿ, ಅರ್ಧ ನಿಮಿಷದೊಳಗೆ ಒಂದು ಗುಂಡು. ಹೀಗೆ ಹತ್ತು ಸಲ. ಒಂದೇ ದಿನ ಹತ್ತೂ ಮಾಡಬೇಕಿಲ್ಲ.

ಎದೆ ಬಡಿತ ಜಾಸ್ತಿ ಆದಾಗ ಸೈಟ್ ಅದೇ ತಾಳಕ್ಕೆ ಕುಣಿಯುವುದು ಕಾಣುತ್ತದೆ. ಉಸಿರು ಪೂರ್ತಿ ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮುಂಚೆ ಒಂದು ಸಣ್ಣ ಬಿಡುವು ಇರುತ್ತದೆ. ಗುಂಡು ಹೋಗಬೇಕಾದದ್ದು ಆ ಬಿಡುವಿನಲ್ಲಿ. ಉಸಿರು ಕಟ್ಟಿ ತುಂಬಾ ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ. ಹಾಗೆ ಆದರೆ ಗುಂಡು ಹಾರಿಸದೆ ರೈಫಲ್ ಇಳಿಸಿ. ಇಳಿಸಿದ್ದನ್ನೂ ಪುಸ್ತಕದಲ್ಲಿ ಬರೆಯಿರಿ. ಹೊಡೆಯದೆ ಬಿಡುವುದು ಕೌಶಲದ ದೊಡ್ಡ ಭಾಗ, ಅದಕ್ಕೆ ಯಾರೂ ಅಂಕ ಕೊಡುವುದಿಲ್ಲ ಅನ್ನುವುದೇ ಬೇಜಾರು.

ಹಂತ 7: ನೋಡುವ ಮೊದಲು ಹೇಳಿ

ಪ್ರತಿ ಗುಂಡು ಹೋದ ತಕ್ಷಣ, ಕಾಗದ ನೋಡುವ ಮುಂಚೆ, ಎಲ್ಲಿ ಬಿತ್ತು ಅಂತ ಗಡಿಯಾರದ ಲೆಕ್ಕದಲ್ಲಿ ಬರೆಯಿರಿ. "3 ಗಂಟೆ ದಿಕ್ಕು, 8ನೇ ರಿಂಗ್" ಹೀಗೆ. ಆಮೇಲೆ ಕಾಗದ ನೋಡಿ. ಇದಕ್ಕೆ ಕಾಲ್ ಮಾಡುವುದು ಅನ್ನುತ್ತಾರೆ. ಹೇಳಿದ್ದೂ ಬಿದ್ದದ್ದೂ ಹೊಂದುತ್ತಿದ್ದರೆ, ಗುಂಡು ಹೊರಡುವ ಕ್ಷಣದಲ್ಲಿ ನಿಮ್ಮ ಕಣ್ಣು ತೆರೆದಿತ್ತು, ಮನಸ್ಸು ಅಲ್ಲೇ ಇತ್ತು. ಹೊಂದದಿದ್ದರೆ ಸದ್ದಿಗೆ ಮುಂಚೆಯೇ ಕಣ್ಣು ಮುಚ್ಚುತ್ತಿದ್ದೀರಿ.

ಹಂತ 8: ಅಳತೆಯನ್ನು ದೂರಕ್ಕೆ ತಿರುಗಿಸಿ

20 ಮೊದಲ ಗುಂಡುಗಳ ಕಾರ್ಡ್ ತೆಗೆಯಿರಿ. ಗುರಿಯ ನಡುಬಿಂದುವಿನಲ್ಲಿ ಕಂಪಾಸಿನ ಮುಳ್ಳು ಊರಿ, 20ರಲ್ಲಿ 18 ತೂತುಗಳು ಒಳಗೆ ಬರುವ ವೃತ್ತ ಎಳೆಯಿರಿ. ಅದರ ಪೂರ್ತಿ ಅಗಲ ಅಳೆಯಿರಿ. 2000ವನ್ನು ಆ ಮಿಲಿಮೀಟರ್‌ನಿಂದ ಭಾಗಿಸಿ. ಬಂದದ್ದು 20 ಸೆಂ.ಮೀ. ಗುರಿಗೆ ನಿಮ್ಮ ದೂರ, ಮೀಟರ್‌ನಲ್ಲಿ.

25 ಮಿ.ಮೀ. ಬಂದರೆ 80 ಮೀಟರ್. 40 ಮಿ.ಮೀ. ಬಂದರೆ 50 ಮೀಟರ್. 400 ಮೀಟರ್ ಅನ್ನಬೇಕಾದರೆ 20ರಲ್ಲಿ 18 ಮೊದಲ ಗುಂಡುಗಳು 5 ಮಿ.ಮೀ.ನೊಳಗೆ, ಅಂದರೆ ಹೆಚ್ಚುಕಮ್ಮಿ ಒಂದು ಪೆಲೆಟ್ ತೂತಿನಷ್ಟು ಜಾಗದೊಳಗೆ ಇರಬೇಕು. ಅದೂ ಗಾಳಿ ಇಲ್ಲದ 10 ಮೀಟರ್‌ನಲ್ಲಿ. ದೊಡ್ಡ ದೂರದ ಮಾತು ಆಡುವವರ ಎದುರು ಈ ಕಾರ್ಡ್ ಇಟ್ಟರೆ ಸಾಕು, ವಾದ ಬೇಕಾಗುವುದಿಲ್ಲ.

20 ಯಾಕೆ, 5 ಸಾಲದಾ ಅಂತ ಕೇಳುತ್ತಾರೆ. ಸಾಲದು. ನೂರಕ್ಕೆ 70 ಸಲ ಮಾತ್ರ ಹೊಡೆಯುವವನೂ ಆರು ಸಲದಲ್ಲಿ ಒಮ್ಮೆ ಐದಕ್ಕೆ ಐದು ಹೊಡೆದು ತೋರಿಸುತ್ತಾನೆ. ಬರೀ 55 ಸಲ ಹೊಡೆಯುವವನೂ ಇಪ್ಪತ್ತರಲ್ಲಿ ಒಮ್ಮೆ ತೋರಿಸುತ್ತಾನೆ. ಅದೇ 70ರವನು 20ಕ್ಕೆ 20 ಹೊಡೆಯುವುದು ಸಾವಿರದಲ್ಲಿ ಒಮ್ಮೆಯೂ ಕಷ್ಟ. ಎಣಿಕೆ ಜಾಸ್ತಿ ಆದಷ್ಟೂ ಅದೃಷ್ಟಕ್ಕೆ ಜಾಗ ಕಡಿಮೆ.

ಹಂತ 9: 10 ಮೀಟರ್ ಅಳೆಯದ್ದನ್ನು ಕಳೆಯಿರಿ

ಈ ಕಾರ್ಡ್ ಅಳೆಯುವುದು ನಿಮ್ಮ ಕೈ, ಕಣ್ಣು, ಉಸಿರು ಮಾತ್ರ. ನಿಜವಾದ ದೂರದಲ್ಲಿ ಇನ್ನೂ ಮೂರು ಸಂಗತಿ ಸೇರುತ್ತವೆ.

ಗಾಳಿ ಮೊದಲನೆಯದು, ಅದೇ ಎಲ್ಲಕ್ಕಿಂತ ಕಷ್ಟದ್ದು. ಹೊರದೇಶದ ಬೇಟೆಗಾರರು ಹೆಚ್ಚು ಬಳಸುವ 0.308 ರೈಫಲಿನ ಗುಂಡನ್ನು, ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ 300 ಮೀಟರ್‌ನಲ್ಲಿ 20 ಸೆಂ.ಮೀ. ಆಸುಪಾಸು ತಳ್ಳುತ್ತದೆ. 600 ಮೀಟರ್‌ನಲ್ಲಿ ಒಂದು ಮೀಟರ್ ಹತ್ತಿರ. ದೂರ ಎರಡು ಪಟ್ಟು ಆದರೆ ತಳ್ಳುವಿಕೆ ನಾಲ್ಕು ಪಟ್ಟಿಗೂ ಜಾಸ್ತಿ. ಅಷ್ಟು ಗಾಳಿ ಅಂದರೆ ಎಷ್ಟು? ನಮ್ಮ ಕಡೆ ಆಷಾಢದಲ್ಲಿ ಬೀಸುವುದಕ್ಕೆ ಹೋಲಿಸಿದರೆ ಅದು ದೊಡ್ಡ ಗಾಳಿಯೇ ಅಲ್ಲ. ಜೊತೆಗೆ ನೀವು ನಿಂತ ಕಡೆ ಗಾಳಿ ಒಂದು ದಿಕ್ಕಿಗೆ, ನಡುವಿನ ಹಳ್ಳದಲ್ಲಿ ಇನ್ನೊಂದು ದಿಕ್ಕಿಗೆ ಇರಬಹುದು.

ಎರಡನೆಯದು ದೂರದ ಅಂದಾಜು. ಅದೇ ರೈಫಲನ್ನು 300 ಮೀಟರ್‌ಗೆ ಹೊಂದಿಸಿ, ಗುರಿ ನಿಜಕ್ಕೂ 330 ಮೀಟರ್‌ನಲ್ಲಿದ್ದರೆ ಗುಂಡು 10 ಸೆಂ.ಮೀ.ಗೂ ಜಾಸ್ತಿ ಕೆಳಗೆ ಬೀಳುತ್ತದೆ. 20 ಸೆಂ.ಮೀ. ವೃತ್ತದ ನಡುವಿಗೆ ಗುರಿ ಇಟ್ಟಿದ್ದರೆ ಅಷ್ಟಕ್ಕೇ ಹೊರಗೆ. ಇದನ್ನು ಗನ್ ಇಲ್ಲದೆಯೇ ಅಭ್ಯಾಸ ಮಾಡಬಹುದು. ಬದುವಿನ ಮೇಲೆ ನಿಂತು ಆಚೆಯ ಹುಣಸೆಮರ ಎಷ್ಟು ದೂರ ಅಂತ ಬರೆಯಿರಿ, ಆಮೇಲೆ ಫೋನಿನ ಮ್ಯಾಪಿನಲ್ಲಿ ಅಳೆದು ನೋಡಿ. ತಿಪಟೂರು ಕಡೆಯವರಿಗೆ ತೆಂಗಿನ ತೋಟವೇ ಪಾಠಶಾಲೆ. ಎರಡು ಮರಗಳ ಅಂತರ ಒಮ್ಮೆ ಟೇಪಿನಲ್ಲಿ ಅಳೆದುಕೊಂಡರೆ, ಸಾಲು ಎಣಿಸಿ ದೂರ ಪರೀಕ್ಷಿಸಬಹುದು. ಮೈದನಹಳ್ಳಿಗೆ ಕೃಷ್ಣಮೃಗ ನೋಡಲು ಹೋದಾಗ ಬೈನಾಕ್ಯುಲರ್ ಹಿಡಿದು ಅಂದಾಜು ಮಾಡಿ. ಬಯಲಿನಲ್ಲಿ ನಡುವೆ ಗಿಡಮರ ಇಲ್ಲದಿದ್ದಾಗ ದೂರದ ವಸ್ತು ಹತ್ತಿರ ಇದ್ದಂತೆ ಕಾಣುತ್ತದೆ. ಆ ಮೋಸ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಮೂರನೆಯದು ಸಮಯ. 600 ಮೀಟರ್ ತಲುಪಲು ಆ ಗುಂಡಿಗೆ ಸುಮಾರು ಒಂದು ಸೆಕೆಂಡ್ ಬೇಕು. ಮೇಯುತ್ತಿರುವ ಜಿಂಕೆ ಅಷ್ಟರಲ್ಲಿ ಒಂದು ಹೆಜ್ಜೆ ಮುಂದೆ ಇಟ್ಟಿರುತ್ತದೆ. ಗುರಿ ಇಟ್ಟದ್ದು ಎದೆಗೆ, ಬಿದ್ದದ್ದು ಹೊಟ್ಟೆಗೆ. ಎಂಥ ಕೈಯೂ ಇದನ್ನು ಸರಿಮಾಡಲಾರದು. ತುಂಬಾ ದೂರದಿಂದ ಪ್ರಾಣಿಗೆ ಗುಂಡು ಹಾರಿಸುವುದನ್ನು ನಾನು ಒಪ್ಪದಿರಲು ಮುಖ್ಯ ಕಾರಣ ಇದೇ, ಅದು ಯಾವ ದೇಶದಲ್ಲೇ ಆಗಲಿ.

ಈ ಮೂರಕ್ಕೂ ಜಾಗ ಬಿಡಲು, ಹಂತ 8ರಲ್ಲಿ ಬಂದ ದೂರವನ್ನು ಅರ್ಧ ಮಾಡಿ. ಇದು ನನ್ನ ಲೆಕ್ಕ. ಕೆಲವರು ಮೂರನೇ ಒಂದು ಭಾಗ ಕಳೆಯುತ್ತಾರೆ. ನನಗೆ ಅರ್ಧವೇ ಸರಿ ಅನ್ನಿಸುತ್ತದೆ.

ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳು

*ಸ್ಕೋಪ್ (ರೈಫಲ್ ಮೇಲೆ ಹಾಕುವ ದುರ್ಬೀನು) ಹಾಕಿದರೆ ದೂರ ಜಾಸ್ತಿ ಆಗುತ್ತಾ?* ಗುರಿ ದೊಡ್ಡದಾಗಿ ಕಾಣುತ್ತದೆ, ನಿಮ್ಮ ನಡುಕವೂ ದೊಡ್ಡದಾಗಿ ಕಾಣುತ್ತದೆ. ಕಣ್ಣು ಮಂದ ಇದ್ದವರಿಗೆ ಸಹಾಯ ಆಗುತ್ತದೆ. ಕೈ ಮಂದ ಇದ್ದವರಿಗೆ ಆಗುವುದಿಲ್ಲ.

*ಸ್ಪರ್ಧೆಗೆ ಹೋಗಲು ಈ ಅಳತೆ ಸಾಕಾ?* ಸ್ಪರ್ಧೆಯ ಮಟ್ಟವೇ ಬೇರೆ. 10 ಮೀಟರ್ ಏರ್ ರೈಫಲ್‌ನ 10ನೇ ರಿಂಗ್ ಬರೀ 0.5 ಮಿ.ಮೀ. ಚುಕ್ಕೆ. ನಿಂತು 60 ಗುಂಡು ಹಾರಿಸಬೇಕು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಆದರೆ ದಾರಿ ಶುರುವಾಗುವುದು ಇಂಥ ಕಾರ್ಡುಗಳಿಂದಲೇ. ಆಸೆ ಇದ್ದರೆ ಜಿಲ್ಲೆಯ ರೈಫಲ್ ಕ್ಲಬ್ ಸೇರಿ, ಅಲ್ಲಿಂದ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ನಡೆಸುವ ಪಂದ್ಯಗಳ ಮಾಹಿತಿ ಕೇಳಿ.

*ಮಕ್ಕಳಿಗೆ ಕಲಿಸಬಹುದಾ?* ದೊಡ್ಡವರು ಪಕ್ಕದಲ್ಲೇ ಇದ್ದು, ಪೆಲೆಟ್ ಡಬ್ಬಿ ದೊಡ್ಡವರ ಕೈಯಲ್ಲಿದ್ದರೆ ಮಾತ್ರ. ಗನ್ ಒಂದು ಕಡೆ, ಪೆಲೆಟ್ ಇನ್ನೊಂದು ಕಡೆ, ಎರಡಕ್ಕೂ ಬೀಗ.

*ಎಷ್ಟು ದಿನಕ್ಕೊಮ್ಮೆ ಮತ್ತೆ ಅಳೆಯಬೇಕು?* ಮೊದಲ ಗುಂಡಿನ ಕಾರ್ಡ್ ನಿಲ್ಲಿಸಲೇಬೇಡಿ. 20 ತುಂಬಿದ ಮೇಲೆ ಹೊಸ ಕಾರ್ಡ್, ಹಳೆಯದು ಪುಸ್ತಕದಲ್ಲಿ. ಪೆಲೆಟ್ ಕಂಪನಿ ಬದಲಾದರೆ, ಸ್ಪ್ರಿಂಗ್ ಹಾಕಿಸಿದರೆ, ಕನ್ನಡಕದ ನಂಬರ್ ಬದಲಾದರೆ ಹಂತ 2ರಿಂದ ಮತ್ತೆ ಶುರು ಮಾಡಿ. ಹಳೆ ಕಾರ್ಡಿನ ದೂರವನ್ನು ಹೊಸ ಸಾಮಾನಿಗೆ ಹಚ್ಚಬೇಡಿ.